ಬೇಡ ಎಂಬ ಜೋಡಿ ಪಾತ್ರೆ

ನಮ್ಮ ಮನೆಯ ಗಾಜಿನ ಬೀರುವಿನಲ್ಲಿ ಒಂಟಿ ವಸ್ತು ಬಹಳ ಕಡಿಮೆ. ಪಶ್ಚಿಮ ಜರ್ಮನಿಯ ಕಿತ್ತಳೆ ಬಣ್ಣದ ಹೂದಾನಿ ಎರಡು, ಡೆನ್ಮಾರ್ಕಿನ ಮೇಣದಬತ್ತಿ ಕಂಬ ಎರಡು, ಹಾಲೆಂಡಿನ ನೀಲಿ ಹಾಲಿನ ಜಗ್ಗು ಎರಡು. ಎಲ್ಲವೂ ಐವತ್ತು ಅರವತ್ತರ ದಶಕದಲ್ಲಿ ಯುರೋಪಿನ ಯಾವುದೋ ಭಟ್ಟಿಯಲ್ಲಿ ಬೆಂದು, ಯಾರದೋ ಪೆಟ್ಟಿಗೆಯಲ್ಲಿ ಗುಜರಾತಿಗೆ ಬಂದು, ಕೊನೆಗೆ ಅಹಮದಾಬಾದಿನಲ್ಲಿ ಸಾಬರಮತಿ ದಂಡೆಯ ಭಾನುವಾರದ ಸಂತೆಯಲ್ಲಿ ನನ್ನ ಕೈಗೆ ಸಿಕ್ಕವು. ಮನೆಗೆ ಬಂದವರು ಈ ಜೋಡಿಗಳನ್ನು ಮೆಚ್ಚಿದರೆ, ಒಂದು ಕೇಳಿ ಎರಡು ಹಾಕಿಸಿಕೊಂಡು ಬಂದೆ, ಚೌಕಾಸಿಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಕೊಚ್ಚಿಕೊಳ್ಳುತ್ತಿದ್ದೆ. ಹನ್ನೊಂದು ವರ್ಷ ಹಾಗೆ ಕೊಚ್ಚಿಕೊಂಡೆ. ಆ ಜಂಬ ಹೇಗೆ ಇಳಿಯಿತು ಎಂಬುದನ್ನು ಹೇಳಬೇಕು. ಅದನ್ನು ಹೇಳಬೇಕಾದರೆ ನಮ್ಮ ಅತ್ತೆಯ ಎರಡನೇ ಲೋಟ ಕಾಫಿಯ ವಿಷಯ ಹೇಳಲೇಬೇಕು.

ಬ್ಯಾಂಕು ನನ್ನನ್ನು ತುಮಕೂರಿನಿಂದ ಎತ್ತಿ ಅಹಮದಾಬಾದಿನ ಮಣಿನಗರದ ಶಾಖೆಗೆ ಹಾಕಿದಾಗ ಮಗಳಿಗೆ ಏಳು ವರ್ಷ. ಗಂಡ ಅದಕ್ಕೂ ಮೊದಲೇ ಇಲ್ಲಿನ ಸಂಶೋಧನಾ ಸಂಸ್ಥೆಯೊಂದಕ್ಕೆ ಬಂದಿದ್ದರು. ಮೊದಲ ತಿಂಗಳು ಮನೆಗೆ ಬಕೆಟ್ಟು, ಚೊಂಬು ಕೊಳ್ಳಲು ನದಿ ದಂಡೆಯ ಸಂತೆಗೆ ಹೋದವಳು ಬಕೆಟ್ಟು ಮರೆತು ಒಂದು ಕಪ್ಪು ಹಿಡಿದುಕೊಂಡು ಬಂದೆ. ಕಂದು ಹೂವು ಬರೆದ, ದಪ್ಪ ಕಿವಿಯ ಕಪ್ಪು. ಅಡಿಯಲ್ಲಿ ಹಸಿರು ಮುದ್ರೆ. ಅದು ನನ್ನ ಅಮ್ಮನಿಗಿಂತ ಹಿರಿಯದು, ಹುಟ್ಟಿದ್ದು ಜರ್ಮನಿಯಲ್ಲಿ ಎಂದು ಆಮೇಲೆ ಹುಡುಕಿ ತಿಳಿದುಕೊಂಡೆ. ಅಷ್ಟು ದೂರದಿಂದ ಬಂದು ಒಂದು ಸೀಳೂ ಬಿಡದೆ ಉಳಿದಿದೆಯಲ್ಲ ಎಂಬ ಖುಷಿ ಇವತ್ತಿಗೂ ಇಳಿದಿಲ್ಲ. ಅಂದು ಸಂಜೆ ಗಂಡ ಮತ್ತೆ ಹೋಗಿ ಬಕೆಟ್ಟು ತಂದರು.

ಇಂಥ ಸಾಮಾನಿಗೆ ಗುಜರಾತು ಒಳ್ಳೆಯ ಜಾಗ ಎಂದು ಯಾರಿಗೂ ಗೊತ್ತಿಲ್ಲ, ಗೊತ್ತಾಗದಿದ್ದರೇ ನನಗೆ ಒಳ್ಳೆಯದು. ಗಿರಣಿ ಮಾಲೀಕರ ಬಂಗಲೆಗಳನ್ನು ಕೆಡವಿ ಫ್ಲ್ಯಾಟು ಕಟ್ಟುವಾಗ ಡೆನ್ಮಾರ್ಕಿನ ತೇಗದ ಕುರ್ಚಿ ಹೊರಬೀಳುತ್ತದೆ. ಸೂರತ್ತಿನ ಹಳೆಯ ಪಾರ್ಸಿ ಮನೆಗಳಿಂದ ಊಟದ ತಟ್ಟೆಗಳು ಬರುತ್ತವೆ. ವಡೋದರಾದಿಂದ ಬರುವುದು, ಒಂದು ಕಾಲದಲ್ಲಿ ಯಂತ್ರ ಕಲಿಯಲು ಯುರೋಪಿಗೆ ಹೋಗಿಬಂದ ಎಂಜಿನಿಯರುಗಳ ಮನೆಯ ಸಾಮಾನು. ನನಗೆ ಇದು ಎಷ್ಟು ತಲೆಗೇರಿತ್ತೆಂದರೆ, ಒಮ್ಮೆ ಸೂರತ್ತಿನ ಕತಾರ್‌ಗಾಮಿನಲ್ಲಿ ವಜ್ರ ಪಾಲಿಶ್ ಮಾಡುವ ಕಾರ್ಖಾನೆಯೊಂದಕ್ಕೆ ಬ್ಯಾಂಕಿನ ಪರವಾಗಿ ತಪಾಸಣೆಗೆ ಹೋಗಿದ್ದಾಗ, ಬಿಸ್ಕತ್ತು ಇಟ್ಟು ತಂದ ಪುಟ್ಟ ತಟ್ಟೆ ಎಲ್ಲಿಯದೆಂದು ನೋಡಲು ಅದನ್ನು ಮಗುಚಿಬಿಟ್ಟೆ. ಬಿಸ್ಕತ್ತೆಲ್ಲ ನೆಲದ ಪಾಲಾಯಿತು. ಜೊತೆಗಿದ್ದ ಮ್ಯಾನೇಜರು ವಾಪಸು ಬರುವವರೆಗೆ ನನ್ನೊಡನೆ ಮಾತಾಡಲಿಲ್ಲ.

ಸಂತೆಯಲ್ಲಿ ನನ್ನ ಆಯುಧ ಕನ್ನಡ. ಅಲ್ಲಿ ಪಿಂಗಾಣಿ ಮಾರುವ ಮುದುಕರೊಬ್ಬರಿದ್ದಾರೆ, ಎಲ್ಲರೂ ಚಾಚಾ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ನಾನೂ ಗಂಡನೂ ಚಾಚಾನ ಎದುರಿಗೇ ನಿಂತು, ಅವರಿಗೆ ಅರ್ಥವಾಗದ ಭಾಷೆಯಲ್ಲಿ ಸಮಾಲೋಚನೆ ಮಾಡುತ್ತಿದ್ದೆವು. ವಸ್ತುವನ್ನು ತಿರುಗಿಸಿ ಮುರುಗಿಸಿ ನೋಡಿ, ಮುಖ ಸಿಂಡರಿಸಿ, "ಬೇಡ, ಬೇಡ" ಎಂದು ಸ್ವಲ್ಪ ಜೋರಾಗಿ ಹೇಳಿ ಎರಡು ಹೆಜ್ಜೆ ನಡೆಯುವುದು ನನ್ನ ಪದ್ಧತಿ. ಚಾಚಾ ಕೂಡಲೇ, ಒಂದು ನಿಮಿಷ ಬೆನ್, ಅಂದರೆ ಅಕ್ಕ, ಎಂದು ನನ್ನನ್ನು ನಿಲ್ಲಿಸಿ, ಗೋಣಿಯೊಳಗೆ ಕೈಹಾಕಿ ಅಂಥದೇ ಇನ್ನೊಂದನ್ನು ತೆಗೆದು ಪಕ್ಕಕ್ಕೆ ಇಡುತ್ತಿದ್ದರು. ಆ ದಿನ ಇಲ್ಲದಿದ್ದರೆ ಮುಂದಿನ ವಾರದೊಳಗೆ ಹುಡುಕಿ ತರುತ್ತಿದ್ದರು. ನೋಡಿದಿರಾ ಹೇಗೆ ಬಗ್ಗಿದರು ಎಂದು ನಾನು ಗಂಡನ ಕಡೆ ತಿರುಗುತ್ತಿದ್ದೆ.

ಮಾವ ಹೋದ ಮೇಲೆ, ಮೂರು ವರ್ಷದ ಹಿಂದೆ, ಅತ್ತೆ ನಮ್ಮಲ್ಲಿಗೆ ಬಂದರು. ಬರುವಾಗ ಎರಡು ಸೂಟ್‌ಕೇಸು ಮತ್ತು ತೊಡೆಯ ಮೇಲೆ ಒಂದು ಕೈಚೀಲ. ಚೀಲದಲ್ಲಿದ್ದದ್ದು ಹಿತ್ತಾಳೆಯ ಕಾಫಿ ಫಿಲ್ಟರು, ಅವರ ಮದುವೆಯಲ್ಲಿ ಅವರಮ್ಮ ಕೊಟ್ಟದ್ದು. ಮೇಲಿನ ಪಾತ್ರೆ, ಕೆಳಗಿನ ಪಾತ್ರೆ, ಪುಡಿ ಒತ್ತುವ ಬಿಲ್ಲೆ, ಮುಚ್ಚಳ. ನಮ್ಮ ಮನೆಯ ಸ್ಟೀಲ್ ಫಿಲ್ಟರಿನ ಕಡೆ ಅವರು ತಿರುಗಿಯೂ ನೋಡಲಿಲ್ಲ. ಬೆಳಿಗ್ಗೆ ಐದೂವರೆಗೆ ಎದ್ದು ತಮ್ಮ ಫಿಲ್ಟರಿಗೆ ಪುಡಿ ಹಾಕಿ, ಬಿಸಿನೀರು ಹುಯ್ದು, ಡಿಕಾಕ್ಷನ್ ಹನಿಯುವ ಸದ್ದು ಕೇಳುತ್ತ ಅಡುಗೆಮನೆಯ ಕಿಟಕಿಯ ಹತ್ತಿರ ಕೂರುತ್ತಿದ್ದರು. ಮೊದಲ ಲೋಟ ಮೌನವಾಗಿ. ಎರಡನೇ ಲೋಟಕ್ಕೆ ನಾನು ಎದ್ದಿರುತ್ತಿದ್ದೆ, ಅದು ನಾವಿಬ್ಬರೂ ಸೇರಿ ಕುಡಿಯುವುದು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಅವರ ನಾಲಗೆಯೂ ಮೆತ್ತಗಲ್ಲ. ಆದರೂ ಆ ಎರಡನೇ ಲೋಟದ ಹೊತ್ತಿನಲ್ಲಿ ನಾವು ಒಮ್ಮೆಯೂ ಜಗಳವಾಡಿಲ್ಲ. ಊರಿನ ಸುದ್ದಿ, ಮಗಳ ಮುರುಕು ಕನ್ನಡ, ನನ್ನ ಮ್ಯಾನೇಜರಿನ ಗೊರಕೆಯಂಥ ಕೆಮ್ಮು, ಎಲ್ಲ ಅಲ್ಲೇ ಮುಗಿಯುತ್ತಿತ್ತು.

ನನ್ನ ಪಿಂಗಾಣಿಯ ಬಗ್ಗೆ ಅವರಿಗೆ ಒಂದೇ ಪ್ರಶ್ನೆ. "ಇದರಲ್ಲಿ ಏನು ಮಾಡ್ತೀಯಮ್ಮ?" ಏನೂ ಮಾಡುವುದಿಲ್ಲ ಅತ್ತೆ, ನೋಡುವುದು ಎಂದರೆ, ಪಾತ್ರೆಯನ್ನು ಎಷ್ಟು ಹೊತ್ತು ನೋಡೋದು ಎಂದು ಕೇಳುತ್ತಿದ್ದರು. ಒಮ್ಮೆ ಜರ್ಮನ್ ಹೂದಾನಿಯೊಂದರಲ್ಲಿ ನಿಂಬೆಕಾಯಿ ಉಪ್ಪಿನಕಾಯಿ ಹಾಕಿಟ್ಟಿದ್ದರು. ನಾನು ಕೂಗಾಡಿದೆ. ಕತ್ತು ಸಣ್ಣದಾಯಿತು, ಸೌಟು ಹೋಗಲ್ಲ, ಇಲ್ಲದಿದ್ದರೆ ಒಳ್ಳೇ ಭರಣಿ ಎಂದು ಅವರೇ ತೆಗೆದು ತೊಳೆದರು. ಎರಡು ತಿಂಗಳು ಅದರಿಂದ ಇಂಗಿನ ವಾಸನೆ ಹೋಗಲಿಲ್ಲ.

ಆಮೇಲೆ ಆ ಶನಿವಾರ ಬಂತು. ಅತ್ತೆ ಬಾಗಿಲ ಬಳಿ ಒಂದು ಚೀಲ ಇಟ್ಟು, "ನಾಳೆ ಆ ಹಿತ್ತಾಳೆ ಚೀಲ ಕೊಟ್ಟುಬಿಡಮ್ಮ" ಎಂದರು. ಅವರು ಹೇಳಿದ್ದು ಕಲಾಯಿಗೆ. ಸಂತೆಯ ಅಂಚಿನಲ್ಲಿ ಪಾತ್ರೆಗೆ ಕಲಾಯಿ ಹಾಕುವವನೊಬ್ಬ ಕೂರುತ್ತಾನೆಂದು ನಾನೇ ಅವರಿಗೆ ಯಾವಾಗಲೋ ಹೇಳಿದ್ದೆ, ಹೇಳಿ ಮರೆತಿದ್ದೆ. ನನಗೆ ಕೇಳಿಸಿದ್ದು ಬೇರೆ: ಹಳೆಯ ಹಿತ್ತಾಳೆ, ಯಾರಿಗಾದರೂ ಕೊಟ್ಟುಬಿಡು. ಚೀಲ ಬಿಚ್ಚಿ ನೋಡಲಿಲ್ಲ. ಮೇಲೆ ಒಂದು ನೆಗ್ಗಿದ ತಂಬಿಗೆ ಕಾಣುತ್ತಿತ್ತು, ನನಗೆ ಅಷ್ಟು ಸಾಕಾಯಿತು.

ಮರುದಿನ ಚಾಚಾನ ಹತ್ತಿರ ಬಿಳಿಯ ಪಿಂಗಾಣಿಯ ಒಂದು ಪಾತ್ರೆ ಬಂದಿತ್ತು. ದುಂಡು ಹೊಟ್ಟೆ, ಕೊಕ್ಕಿನಂಥ ಮೂತಿ, ಬಾಯಿಯ ಅಂಚಿಗೆ ತೆಳುವಾದ ಚಿನ್ನದ ಗೆರೆ, ಅಡಿಯಲ್ಲಿ ಜೆಕೊಸ್ಲೊವಾಕಿಯಾ ಎಂಬ ಮುದ್ರೆ. ಆ ಹೆಸರಿನ ದೇಶವೇ ಈಗ ಇಲ್ಲ, ಪಾತ್ರೆ ಇದೆ. ನನಗೆ ಕೈಬಿಡಲು ಮನಸ್ಸಾಗಲಿಲ್ಲ. ಮುಚ್ಚಳವಿಲ್ಲದ ಟೀ ಪಾಟು ಎಂದುಕೊಂಡೆ. ಚಾಚಾ ಹಿತ್ತಾಳೆಯನ್ನೂ ತೆಗೆದುಕೊಳ್ಳುತ್ತಾರೆ. ಚೀಲ ಕೊಟ್ಟೆ, ಪಾಟು ತಂದೆ, ಅದರಲ್ಲಿ ಒಣಹೂವು ಇಟ್ಟು ಟಿವಿಯ ಪಕ್ಕ ಅಲಂಕಾರ ಮಾಡಿದೆ.

ಸಂಜೆ ಅತ್ತೆ, ಕಲಾಯಿ ಯಾವಾಗ ಆಗುತ್ತಂತೆ ಎಂದು ಕೇಳಿದರು. ಯಾವ ಕಲಾಯಿ ಎಂದು ನಾನು ಕೇಳಿದೆ. ತಂಬಿಗೆಯ ಕೆಳಗೆ ನನ್ನ ಫಿಲ್ಟರು ಇತ್ತಲ್ಲ ಎಂದರು. ಅತ್ತೆ ನನ್ನ ಮುಖ ನೋಡಿದರು, ಆಮೇಲೆ ಟಿವಿಯ ಪಕ್ಕದ ಪಾಟು ನೋಡಿದರು. ಅವರು ಬೈದಿದ್ದರೆ ನಾನೂ ಎರಡು ಮಾತು ಆಡಿ, ಅತ್ತು, ಹಗುರಾಗುತ್ತಿದ್ದೆ. "ಹೋಗ್ಲಿ ಬಿಡು" ಎಂದು ಒಳಗೆ ಹೋದರು.

ಮರುದಿನ ನಾನೇ ಐದೂವರೆಗೆ ಎದ್ದು ಸ್ಟೀಲ್ ಫಿಲ್ಟರಿನಲ್ಲಿ ಡಿಕಾಕ್ಷನ್ ಹಾಕಿ, ಹಾಲು ಕಾಯಿಸಿ ಕೊಟ್ಟೆ. ಹೇಗಿದೆ ಅತ್ತೆ ಎಂದರೆ, ಪರವಾಗಿಲ್ಲ ಎಂದರು. ಇನ್ನೊಂದು ಲೋಟ ಎಂದರೆ, ಬೇಡ ಎಂದರು. ಮಾರನೆಯ ದಿನವೂ ಬೇಡ. ಪುಡಿ ಬದಲಿಸಿದೆ, ಚಿಕೋರಿ ಕಡಿಮೆ ಮಾಡಿದೆ, ಎಮ್ಮೆ ಹಾಲು ತರಿಸಿದೆ. ಅತ್ತೆ ಮಾತು ನಿಲ್ಲಿಸಲಿಲ್ಲ, ಊಟ ಬಿಡಲಿಲ್ಲ, ಮೊಮ್ಮಗಳ ಜೊತೆ ನಗುತ್ತಿದ್ದರು. ಎರಡನೇ ಲೋಟ ಮಾತ್ರ ಬೇಡ. ಬೆಳಗಿನ ಕಿಟಕಿಯ ಹತ್ತಿರ ನಾನು ಒಬ್ಬಳೇ ಕಾಫಿ ಕುಡಿಯತೊಡಗಿದೆ. ಅದು ನನಗೆ ಎಷ್ಟು ನೋವು ಕೊಡುತ್ತದೆಂದು ಮೊದಲೇ ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ.

ಮುಂದಿನ ಭಾನುವಾರ ಫಿಲ್ಟರು ಹುಡುಕಲು ಓಡಿದೆ. ಗಂಡ ಊರಲ್ಲಿರಲಿಲ್ಲ, ಮಗಳನ್ನು ಎಳೆದುಕೊಂಡು ಹೋದೆ. ಅವಳು ಈಗ ಕಾಲೇಜಿನ ಮೊದಲ ವರ್ಷ. ಗುಜರಾತಿಯಲ್ಲಿ ಜಗಳ, ಹಿಂದಿಯಲ್ಲಿ ಹರಟೆ, ಇಂಗ್ಲಿಷಿನಲ್ಲಿ ಓದು. ಕನ್ನಡ ಅಜ್ಜಿಯ ಹತ್ತಿರ ದುಡ್ಡು ಕೇಳುವಾಗ ಮಾತ್ರ. ಚಾಚಾನಿಗೆ ವಿಷಯ ಹೇಳಿದೆ. ಅವರು ಕಿವಿ ಮುಟ್ಟಿಕೊಂಡು ತುಂಬ ನೊಂದರು. ಹಿತ್ತಾಳೆಯೆಲ್ಲ ಬುಧವಾರವೇ ಜಾಮ್‌ನಗರಕ್ಕೆ ಹೋಗಿದೆಯಂತೆ, ಅಲ್ಲಿ ಕರಗಿಸಿ ನಲ್ಲಿ, ತಿರುಪು ಮಾಡುತ್ತಾರಂತೆ. ಸಮಾಧಾನಕ್ಕೆಂದು ಒಂದು ಹೂದಾನಿ ಎತ್ತಿ ನನ್ನ ಕೈಗಿಟ್ಟರು. ಅಷ್ಟು ದುಃಖದಲ್ಲಿ ನನಗೆ ಹಿಂದಿಯೂ ಬರಲಿಲ್ಲ, ಗುಜರಾತಿಯೂ ಬರಲಿಲ್ಲ. "ಬೇಡ, ಬೇಡ" ಎಂದೆ. ಈ ಸಲ ನಿಜವಾಗಿಯೂ ಬೇಡವಾಗಿತ್ತು.

ಚಾಚಾ ಹಣೆ ಚಚ್ಚಿಕೊಂಡರು. ಹೌದು ಹೌದು, ನೀವು ಬೇಡಾ ಕೇಳಿಯೇ ಕೇಳುತ್ತೀರಿ ಎಂದು ನನಗೆ ಗೊತ್ತಿತ್ತು, ಆ ಬಿಳಿ ಪಾತ್ರೆಗೂ ಮೇಲಿನದೊಂದಿದೆ, ಆದರೆ ಅದನ್ನು ಆ ಮನೆಯವರು ಕೊಡಲಿಲ್ಲ ಎಂದರು. ನಾನು ಕಣ್ಣು ಕಣ್ಣು ಬಿಟ್ಟೆ. ನನ್ನ ಮಗಳು ಮಾತ್ರ ಸಂತೆಯ ನಡುವೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

"ಅಮ್ಮ, ಗುಜರಾತಿಯಲ್ಲಿ ಬೇಡಾ ಅಂದ್ರೆ ಬೇಡ ಅಲ್ಲ" ಎಂದಳು. "ತಲೆ ಮೇಲೆ ಒಂದರ ಮೇಲೆ ಒಂದು ಇಟ್ಕೊಂಡು ಹೋಗ್ತಾರಲ್ಲ, ನೀರಿನ ಬಿಂದಿಗೆ, ಆ ಜೋಡಿ. ಗರ್ಬಾ ಹಾಡಲ್ಲೆಲ್ಲಾ ಬರತ್ತೆ. ನೀನು ಇಷ್ಟು ವರ್ಷ ಇವರ ಹತ್ರ ಜೋಡಿ ಕೊಡಿ, ಜೋಡಿ ಕೊಡಿ ಅಂತಿದ್ದೆ."

ಚಾಚಾ ಗಂಭೀರವಾಗಿ ತಲೆಯಾಡಿಸಿದರು. ದಕ್ಷಿಣದ ಬೆನ್ ಜೋಡಿಯಿಲ್ಲದೆ ಒಂದು ವಸ್ತುವನ್ನೂ ಒಯ್ಯುವುದಿಲ್ಲ, ಅದು ಅವರ ಕಡೆಯ ಶಕುನವಿರಬೇಕು ಎಂದು ಅವರು ಇಡೀ ಸಾಲಿನ ಅಂಗಡಿಯವರಿಗೆ ಹೇಳಿಟ್ಟಿದ್ದರಂತೆ. ನನಗಾಗಿ ಊರೂರು ಸುತ್ತಿ ಜೊತೆ ಹುಡುಕುತ್ತಿದ್ದರಂತೆ. ಅಂದರೆ ಹನ್ನೊಂದು ವರ್ಷದ ನನ್ನ ಚೌಕಾಸಿ ಚೌಕಾಸಿಯೇ ಆಗಿರಲಿಲ್ಲ. ನಾನು ಕೇಳಿದ್ದನ್ನೇ ಆ ಮುದುಕರು ಕಷ್ಟಪಟ್ಟು ಒದಗಿಸಿ, ಜೋಡಿಯ ಬೆಲೆಯನ್ನೇ ತೆಗೆದುಕೊಳ್ಳುತ್ತಿದ್ದರು. ನಾಚಿಕೆಯೂ ಆಯಿತು, ನಗುವೂ ಬಂತು. ಇದಕ್ಕೆ ಹಿಂದೆ ಇಂಥದ್ದೇ ಒಂದು ಅತ್ತೆಗೂ ಆಗಿತ್ತು. ಇಲ್ಲಿನ ಮದುವೆಯೂಟದಲ್ಲಿ ಅತ್ತೆ ಸಾಕು ಸಾಕು ಎಂದಷ್ಟೂ, ಬಡಿಸುವವನು ಶಾಕ್, ಅಂದರೆ ಪಲ್ಯ, ಕೇಳುತ್ತಿದ್ದಾರೆ ಎಂದುಕೊಂಡು ಆಲೂಗಡ್ಡೆ ಪಲ್ಯ ಸುರಿಯುತ್ತಲೇ ಹೋಗಿದ್ದ. ಆಗ ಅತ್ತೆಯನ್ನು ನೋಡಿ ನಾನು ನಕ್ಕಿದ್ದು ಈಗ ನನಗೇ ಬಂತು.

ನಗು ನಿಂತ ಮೇಲೆ ಮೇಲಿನ ಪಾತ್ರೆಯ ವಿಷಯ ಕೇಳಿದೆ. ವಡೋದರಾದ ಮಕರಪುರದ ಕಡೆ ಒಂದು ಮನೆ. ಹಳೆಯ ಮನೆ ಕೆಡವುತ್ತಾರೆಂದು ಸಾಮಾನೆಲ್ಲ ಕೊಟ್ಟ ಅಜ್ಜಿ ಆ ಒಂದನ್ನು ಇಟ್ಟುಕೊಂಡರಂತೆ, ಅದು ಹೂಕುಂಡವಂತೆ, ತಳದಲ್ಲಿ ತೂತಿದೆಯಂತೆ. ಚಾಚಾ ವಿಳಾಸ ಬರೆದುಕೊಟ್ಟು, ಅಜ್ಜಿಗೆ ಫೋನು ಮಾಡಿ ತಿಳಿಸುವೆನೆಂದರು. ಟೀ ಪಾಟಿನ ಮೇಲೆ ಹೂಕುಂಡ ಯಾಕೆ ಕೂರುತ್ತದೆ ಎಂದು ನನಗೆ ತಲೆಬುಡ ತಿಳಿಯಲಿಲ್ಲ.

ಮನೆಗೆ ಬಂದು ಮಗಳು ಎಲ್ಲವನ್ನೂ ಅಭಿನಯಿಸಿ ತೋರಿಸಿದಳು. ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಫಿಲ್ಟರು ಜಾಮ್‌ನಗರಕ್ಕೆ ಹೋದದ್ದು ಕೇಳಿ, "ಎಲ್ಲೋ ನಲ್ಲಿಯಾಗಿ ತೊಟ್ಟಿಕ್ಕುತಿರತ್ತೆ ಬಿಡು, ಮಾಡೋ ಕೆಲಸ ಅದೇ ತಾನೆ" ಎಂದರು. ಆಮೇಲೆ ಎದ್ದುಹೋಗಿ ಟಿವಿಯ ಪಕ್ಕದ ಪಾಟಿನಿಂದ ಒಣಹೂವು ತೆಗೆದರು. ಬಾಯಿಯ ಒಳ ಅಂಚಿನಲ್ಲಿ ಬೆರಳಾಡಿಸಿದರು. ಅಲ್ಲೊಂದು ಸಣ್ಣ ಮೆಟ್ಟಿಲಿನಂಥ ಅಂಚು ಇತ್ತು, ಇಷ್ಟು ದಿನ ನಾನು ನೋಡುತ್ತ ಕೂತಿದ್ದರೂ ಕಂಡಿರಲಿಲ್ಲ. ವಡೋದರಾಕ್ಕೆ ತಾವೂ ಬರುವುದಾಗಿ ಅತ್ತೆ ಹೇಳಿದರು.

ಎರಡನೇ ಶನಿವಾರ, ಬ್ಯಾಂಕಿಗೆ ರಜೆ. ಮಣಿನಗರದಲ್ಲೇ ರೈಲು ಹತ್ತಿದೆವು. ನನ್ನ ಮಡಿಲಲ್ಲಿ ಟವೆಲ್ಲು ಸುತ್ತಿದ ಪಾಟು, ಅಳತೆ ನೋಡುವುದಕ್ಕೆ. ಅತ್ತೆಯ ಚೀಲದಲ್ಲಿ, ಎಲ್ಲಿಗೆ ಹೋದರೂ ಇರುವ ಹಾಗೆ, ಕಾಫಿಪುಡಿಯ ಡಬ್ಬಿ. ಒಂದು ದಿನದ ಪ್ರಯಾಣಕ್ಕೆ ಯಾಕೆ ಎಂದು ಮಗಳು ಕೇಳಿದ್ದಕ್ಕೆ, ರೈಲು ನಿಂತುಹೋದರೆ ಎಂದರು. ದಾರಿಯುದ್ದಕ್ಕೂ ಕಡಲೆಕಾಯಿ ತಿನ್ನುತ್ತ, ಬೇಡಾ ಬೇಡಾ ಎಂದು ನನ್ನನ್ನು ರೇಗಿಸುತ್ತ ಅಜ್ಜಿ ಮೊಮ್ಮಗಳು ಒಂದಾಗಿಬಿಟ್ಟಿದ್ದರು.

ಆ ಅಜ್ಜಿ ಎಂಬತ್ತು ದಾಟಿದವರು, ತೆಳ್ಳಗೆ, ಬಿಳಿ ಸೀರೆ. ಇಲ್ಲಿ ಹಿರಿಯ ಹೆಂಗಸರನ್ನು ಬಾ ಎನ್ನುತ್ತಾರೆ, ನಾವೂ ಹಾಗೇ ಕರೆದೆವು. ಮಗ ಸೊಸೆ ಮೊಮ್ಮಕ್ಕಳಿರುವ ತುಂಬಿದ ಮನೆ. ಕೂರಿಸಿ ಮಜ್ಜಿಗೆ ಕೊಟ್ಟರು. ನನ್ನ ಕಣ್ಣು ಮಜ್ಜಿಗೆಯ ತಂಬಿಗೆಯ ಮೇಲೆ ನೆಟ್ಟಿತು. ಅದಕ್ಕೆ ಮುಚ್ಚಿದ್ದು ಬಿಳಿಯ ಪಿಂಗಾಣಿ ಮುಚ್ಚಳ, ಅಂಚಿಗೆ ಚಿನ್ನದ ಗೆರೆ. ಕೈತೊಳೆಯಲು ಹೋದ ಮಗಳು, ಅಲ್ಲಿ ಸೋಪು ಇಟ್ಟಿರುವ ತೂತು ತಟ್ಟೆಗೂ ಅದೇ ಗೆರೆ ಇದೆ ಎಂದು ಬಂದು ಪಿಸುಗುಟ್ಟಿದಳು. ಅಡುಗೆಮನೆಯ ಕಿಟಕಿಯಲ್ಲಿ ಹೂಕುಂಡ ಇತ್ತು. ಉದ್ದನೆಯ ಬಿಳಿ ಕುಂಡದ ತುಂಬ ಪುದೀನ.

ಅತ್ತೆ ಯಾರ ಅಪ್ಪಣೆಯನ್ನೂ ಕೇಳದೆ ಕುಂಡ ಎತ್ತಿ ಅಡಿ ನೋಡಿದರು. ತಳದ ತುಂಬ ಕೂದಲೆಳೆಯಷ್ಟು ಸಣ್ಣ ಸೀಳುಗಳು, ಒಂದರ ಪಕ್ಕ ಒಂದು, ಎಲ್ಲ ಪಿಂಗಾಣಿಯಲ್ಲೇ ಮಾಡಿದ್ದು.

"ಇದು ಫಿಲ್ಟರು ಕಣಮ್ಮ" ಎಂದರು ಅತ್ತೆ, ಮೆಲ್ಲಗೆ. "ಅವರೂ ನಮ್ಮ ಹಾಗೇ ಹಾಕ್ತಿದ್ರು ಕಾಫಿ."

ಹನ್ನೊಂದು ವರ್ಷದಿಂದ ಈ ಸಾಮಾನುಗಳ ಬಗ್ಗೆ ಓದುತ್ತಿದ್ದವಳು ನಾನು. ಮುದ್ರೆ ನೋಡಿ ಊರು ಹೇಳುವವಳು ನಾನು. ಒಂದರ ಮೇಲೊಂದು ಕೂರುವ, ತಳದಲ್ಲಿ ತೂತಿರುವ ಪಾತ್ರೆ ಏನೆಂದು ನನಗೆ ಹೊಳೆಯಲಿಲ್ಲ. ಪಾತ್ರೆಯನ್ನು ಎಷ್ಟು ಹೊತ್ತು ನೋಡೋದು ಎಂದು ಕೇಳುತ್ತಿದ್ದ ಅತ್ತೆಗೆ ಮುಟ್ಟಿದ ಕೂಡಲೇ ತಿಳಿಯಿತು.

ಮಗಳು ವಿಷಯವನ್ನು ಬಾ ಅವರಿಗೆ ವಿವರಿಸಿದಳು. ಬಾ ಬಾಯಿಯ ಮೇಲೆ ಕೈಯಿಟ್ಟುಕೊಂಡು ನಕ್ಕರು. ಅವರ ಯಜಮಾನರು ಇಲ್ಲಿನ ಕಾರ್ಖಾನೆಯಲ್ಲಿ ಎಂಜಿನಿಯರಾಗಿದ್ದರಂತೆ, ಮದುವೆಯಾದ ಹೊಸತರಲ್ಲಿ ಒಂದು ವರ್ಷ ಜೆಕೊಸ್ಲೊವಾಕಿಯಾಕ್ಕೆ ಹೋಗಿ ಬರುವಾಗ ಇದನ್ನು ತಂದರಂತೆ. ಜೊತೆಗೆ ತಂದ ಕಾಫಿಪುಡಿ ಇರುವಷ್ಟು ದಿನ ಅವರೇ ಕಾಫಿ ಮಾಡಿ ಹೆಂಡತಿಗೆ ಕೊಡುತ್ತಿದ್ದರಂತೆ, ಮನೆಯಲ್ಲಿ ಬೇರೆ ಯಾರೂ ಕುಡಿಯದ್ದನ್ನು. ಪುಡಿ ಮುಗಿಯಿತು. ಆ ಕಾಲದಲ್ಲಿ ಇಲ್ಲಿ ಅಂಥದು ಸಿಗುತ್ತಿರಲಿಲ್ಲ, ಎಲ್ಲರೂ ಟೀಗೆ ಮರಳಿದರು. ಮೇಲಿನ ಪಾತ್ರೆಯಲ್ಲಿ ಪುದೀನ ನೆಟ್ಟವರೂ ಯಜಮಾನರೇ. ಕಹಿಯಾಗಿತ್ತು, ಆದರೆ ಅವರು ಮಾಡಿಕೊಡುತ್ತಿದ್ದರು ಎಂದು ಬಾ ಹೇಳಿದ್ದನ್ನು ಮಗಳು ಕನ್ನಡಕ್ಕೆ ತಿರುಗಿಸಿದಳು.

ಆಮೇಲೆ ನಡೆದದ್ದಕ್ಕೆ ದುಭಾಷಿ ಬೇಕಾಗಲಿಲ್ಲ. ಅತ್ತೆ ಚೀಲದಿಂದ ಪುಡಿಯ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಬಾ ಎದ್ದು ಒಂದು ಖಾಲಿ ಐಸ್‌ಕ್ರೀಮ್ ಡಬ್ಬಿ ತಂದರು. ಇಬ್ಬರೂ ಸೇರಿ ಪುದೀನವನ್ನು ಬೇರುಸಮೇತ ಎಬ್ಬಿಸಿ ಅದಕ್ಕೆ ನೆಟ್ಟರು. ಅರ್ಧ ಗಂಟೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಸೀಳುಗಳನ್ನು ಉಜ್ಜಿದರು, ಕುದಿನೀರಿನಲ್ಲಿ ತೊಳೆದರು. ಒಬ್ಬರು ಕನ್ನಡದಲ್ಲಿ ಹೇಳಿದ್ದಕ್ಕೆ ಇನ್ನೊಬ್ಬರು ಗುಜರಾತಿಯಲ್ಲಿ ಹೂಂಗುಟ್ಟುತ್ತಿದ್ದರು. ನಾನು ಟವೆಲ್ಲು ಬಿಚ್ಚಿ ಪಾಟು ಇಟ್ಟೆ. ಬಾ ಮೇಲಿನದನ್ನು ಅದರ ಮೇಲಿಟ್ಟರು. ಟಿಕ್ ಎಂದು ಕೂತಿತು. ಸೋಪಿನ ತಟ್ಟೆ ಮೇಲಿನ ಪಾತ್ರೆಯ ಬಾಯಿಗೆ ನೀರು ಹರಡಲು, ಮಜ್ಜಿಗೆಯ ಮುಚ್ಚಳ ಅದರ ಮೇಲೆ. ನನ್ನ ಬೀರುವಿನಲ್ಲಿರುವ ಅಷ್ಟೂ ವಸ್ತುಗಳನ್ನು ಕೊಂಡಾಗ ಆಗದಷ್ಟು ಸಂತೋಷ ನನಗೆ ಆ ಒಂದು ಸದ್ದಿಗೆ ಆಯಿತು.

ನಮ್ಮ ಪುಡಿ ನಯ, ಆ ಸೀಳುಗಳಲ್ಲಿ ಇಳಿಯುವುದು ಬಲು ನಿಧಾನ. ನಾಲ್ವರೂ ಸುತ್ತ ಕೂತು ಕಾದೆವು. ಡಿಕಾಕ್ಷನ್ ಹನಿಯುವ ಸದ್ದು ಕೇಳಿದಾಗ ಅತ್ತೆ ಕಣ್ಣು ಮುಚ್ಚಿಕೊಂಡರು. ಬಾ ಒಂದು ಗುಟುಕು ಕುಡಿದು ಮುಖ ಹಿಂಡಿದರು, ಆಮೇಲೆ ನಕ್ಕರು, ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡು ಲೋಟದಲ್ಲಿದ್ದ ಅಷ್ಟನ್ನೂ ಕುಡಿದರು. ಇದೇ, ಇದೇ ಕಹಿ ಎಂದರಂತೆ.

ಹೊರಡುವ ಹೊತ್ತಾಯಿತು. ನಾನು ಏನು ಕೇಳಬೇಕೆಂದು ಬಂದಿದ್ದೆನೋ ಅದನ್ನು ಕೇಳಲು ಬಾಯಿ ಬರಲಿಲ್ಲ. ಬಾ ತಾವಾಗಿಯೇ ಮೇಲಿನ ಪಾತ್ರೆಯನ್ನು ತೊಳೆದು ಒರೆಸಿ ಅತ್ತೆಯ ಮುಂದೆ ಹಿಡಿದರು. ಅತ್ತೆ ಎರಡು ಹೆಜ್ಜೆ ಹಿಂದೆ ಸರಿದರು.

"ಬೇಡ, ಬೇಡ" ಎಂದರು. ನನ್ನ ಕಡೆ ತಿರುಗಿ, "ಅವರ ಯಜಮಾನ್ರು ತಂದಿದ್ದು ಕಣೇ. ನಿನ್ನ ಪಾಟನ್ನೂ ಇಲ್ಲೇ ಬಿಡು. ಕೈ ತಪ್ಪಿದ್ರೆ ಹೇಗಿರತ್ತೆ ಅಂತ ನಂಗೊತ್ತು" ಎಂದರು. ಫಿಲ್ಟರು ಹೋದಂದಿನಿಂದ ಅದರ ಬಗ್ಗೆ ಅವರು ಆಡಿದ ನೋವಿನ ಮಾತು ಅದೊಂದೇ. ನಾನು ತಲೆ ತಗ್ಗಿಸಿ ಪಾಟನ್ನು ಮೇಜಿನ ಮೇಲಿಟ್ಟೆ.

ಬಾ ನನ್ನ ಮಗಳನ್ನು ಪಕ್ಕಕ್ಕೆ ಕರೆದು ಏನೋ ಕೇಳಿದರು. ಮಗಳು ಏನೋ ಹೇಳಿದಳು. ಬಾ ತಲೆದೂಗಿ ಬಂದು, ಕೆಳಗಿನ ಪಾತ್ರೆ, ಮೇಲಿನ ಪಾತ್ರೆ, ತಟ್ಟೆ, ಮುಚ್ಚಳ, ನಾಲ್ಕನ್ನೂ ನಮ್ಮ ಟವೆಲ್ಲಿನಲ್ಲೇ ಸುತ್ತಿ ಗಂಟು ಕಟ್ಟಿದರು. ಗಂಟನ್ನು ಅತ್ತೆಯ ಎರಡೂ ಕೈಗೆ ಇಟ್ಟು ಮೇಲೆ ತಮ್ಮ ಕೈ ಒತ್ತಿದರು. "ಬೇಡಾ" ಎಂದರು, ಜೋಡಿ ಎಂದು ಎರಡು ಬೆರಳು ತೋರಿಸಿ. ಅತ್ತೆ ಮತ್ತೆ ಬೇಡ ಎಂದರು. ಬಾ ಹೌದು ಹೌದು ಬೇಡಾ ಎಂದರು. ಹೀಗೆ ಬಾಗಿಲವರೆಗೂ ಒಬ್ಬರು ನಿರಾಕರಿಸುತ್ತ, ಇನ್ನೊಬ್ಬರು ಅದನ್ನೇ ಒಪ್ಪಿಗೆ ಎಂದು ತೆಗೆದುಕೊಳ್ಳುತ್ತ ಬಂದರು. ಬದಲಿಗೆ ಕೊಡಲು ನಮ್ಮ ಹತ್ತಿರ ಇದ್ದದ್ದು ಕಾಫಿಪುಡಿಯ ಡಬ್ಬಿ. ಅದನ್ನು ಅತ್ತೆ ಅಲ್ಲಿ ಬಿಟ್ಟರು.

ರೈಲಿನಲ್ಲಿ ಮಗಳನ್ನು ಗದರಿಸಿದೆ. ಅಜ್ಜಿಯ ಬೇಡಕ್ಕೆ ಅರ್ಥ ಏನೆಂದು ಅವರಿಗೆ ಹೇಳಬಾರದಿತ್ತಾ, ತಪ್ಪು ತಿಳಿದುಕೊಂಡು ಗಂಡನ ವಸ್ತು ಕೊಟ್ಟುಬಿಟ್ಟರಲ್ಲ ಎಂದೆ.

"ಹೇಳಿದೆ ಅಮ್ಮ" ಎಂದಳು. "ಅಜ್ಜಿಯ ಫಿಲ್ಟರ್ ಹೋಗಿದ್ದು, ಎಲ್ಲಾ ಹೇಳಿದೆ. ಅದಕ್ಕೆ ಬಾ ಏನಂದ್ರು ಗೊತ್ತಾ? ಅವರು ಅವರ ಭಾಷೆಯಲ್ಲಿ ಹೇಳ್ಲಿ, ನಾನು ನನ್ನ ಭಾಷೆಯಲ್ಲಿ ಕೇಳಿಸ್ಕೋತೀನಿ ಅಂದ್ರು."

ಅತ್ತೆ ಕಿಟಕಿಯ ಹೊರಗೆ ನೋಡುತ್ತಿದ್ದರು. ಗಂಟು ಅವರ ಮಡಿಲಲ್ಲಿತ್ತು, ಮಣಿನಗರ ಬರುವವರೆಗೆ ನನ್ನ ಕೈಗೆ ಕೊಡಲಿಲ್ಲ. ಟವೆಲ್ಲಿನಿಂದ ಪುದೀನದ ವಾಸನೆ ಬರುತ್ತಿತ್ತು.

ಮರುದಿನ ಭಾನುವಾರ. ಹನ್ನೊಂದು ವರ್ಷದಲ್ಲಿ ಮೊದಲ ಸಲ ನಾನು ಸಂತೆಗೆ ಹೋಗುವ ಯೋಚನೆ ಮಾಡಲಿಲ್ಲ. ಐದೂವರೆಗೆ ಎದ್ದು ಅಡುಗೆಮನೆಗೆ ಹೋದರೆ ಅತ್ತೆ ಮೊದಲೇ ಅಲ್ಲಿದ್ದರು. ಬಿಳಿಯ ಫಿಲ್ಟರು ಕಟ್ಟೆಯ ಮೇಲೆ ನಿಂತಿತ್ತು, ಒಳಗೆ ಹನಿಯುವ ಸದ್ದು. ಇದು ಗಾಜಿನ ಬೀರುವಿಗೆ ಎಂದಿಗೂ ಹೋಗುವುದಿಲ್ಲ ಎಂದು ನನಗೆ ಆಗಲೇ ಗೊತ್ತಾಯಿತು, ಬೇಸರವಾಗಲಿಲ್ಲ. ಹಾಲು ಕಾಯಿಸಿ ನಾನೇ ಬೆರೆಸಿದೆ. ಅತ್ತೆ ಮೊದಲ ಲೋಟವನ್ನು ಎಂದಿನಂತೆ ಮೌನವಾಗಿ ಕುಡಿದರು. ತಳದಲ್ಲಿ ಸ್ವಲ್ಪ ಗಸಿ ಉಳಿಯುತ್ತದೆ, ಪುದೀನದ ಘಮ ಇನ್ನೂ ಪೂರ್ತಿ ಹೋಗಿಲ್ಲ ಎಂದು ಎರಡು ತಪ್ಪು ಹುಡುಕಿದರು. ನಾನು ಎದೆ ಗಟ್ಟಿ ಮಾಡಿಕೊಂಡು ಕೇಳಿದೆ.

"ಇನ್ನೊಂದು ಲೋಟ ಕೊಡಲಾ ಅತ್ತೆ?"

"ಬೇಡಾ" ಎಂದರು ಅತ್ತೆ, ಕೊನೆಯ ಅಕ್ಷರವನ್ನು ಗುಜರಾತಿ ಬಾ ಎಳೆದ ಹಾಗೆಯೇ ಎಳೆದು, ಖಾಲಿ ಲೋಟವನ್ನು ನನ್ನ ಮುಂದೆ ಹಿಡಿದು. ನನಗೆ ಅಳು ಬಂತು, ಅಳುತ್ತಲೇ ಎರಡು ಲೋಟಕ್ಕೆ ಹುಯ್ದೆ.